ದೇವರಿಗೆ ತುಳು ಬರುತ್ತದೆಯೇ?

ಸೋಮವಾರ ಬೆಳಿಗ್ಗೆ ಕಾಸರಗೋಡಿನ ಠಾಣೆಗೆ ಬಂದ ಜಯಪಾಲರು ಮೇಜಿನ ಮೇಲೆ ಒಂದು ಕರಪತ್ರ ಕುಕ್ಕಿದರು. ಪ್ರೊಟೆಸ್ಟೆಂಟ್ ಸಭೆಯೊಂದರ ಕಾರ್ಯದರ್ಶಿ ಅವರು. ಹಿಂದಿನ ದಿನ ಪಾದ್ರಿಯ ಪ್ರಸಂಗದ ನಡುವೆ ಯಾರದೋ ಆರಾಧನೆಯ ಹಾಡುಪುಸ್ತಕದಿಂದ ಅದು ಜಾರಿ ಬಿದ್ದಿತ್ತು. ಉಳಿದವರೂ ಪುಸ್ತಕ ಕೊಡವಿ, ಓದಿ ನಕ್ಕು, ಆರಾಧನೆಯೇ ನಿಂತುಹೋಗಿತ್ತು.

ಇನ್‌ಸ್ಪೆಕ್ಟರ್ ಈಶ್ವರಪ್ರಸಾದ ಓದಿದ. ಮಕ್ಕಳ ಧರ್ಮಪಾಠದ ಧಾಟಿ.

‘ಪ್ರಶ್ನೆ: ದೇವರಿಗೆ ತುಳು ಬರುತ್ತದೆಯೇ? ಉತ್ತರ: ಬರುತ್ತಿತ್ತು. ಕಮಿಟಿ ಠರಾವು ಮಾಡಿ ಮರೆಸಿದೆ. ಪ್ರಶ್ನೆ: ಜನರ ಮಾತಿನಲ್ಲೇ ಆರಾಧನೆ ಬೇಕೆಂದು ಪೋಪರ ಜೊತೆ ಜಗಳವಾಡಿದವರು ಯಾರು? ಉತ್ತರ: ನಮ್ಮ ಹಿರಿಯರು. ಪ್ರಶ್ನೆ: ಪೋಪರು ಈಗೆಲ್ಲಿ? ಉತ್ತರ: ನಮ್ಮ ಕಾರ್ಯದರ್ಶಿಯ ಕುರ್ಚಿಯಲ್ಲಿ.’

ಅವನು ನಗು ನುಂಗಿಕೊಂಡ. ತುಳು ಆರಾಧನೆ ನಿಲ್ಲಿಸಿ ಇಂಗ್ಲಿಷ್ ತಂದವರು ಎದುರಿಗೇ ಕೂತಿದ್ದರು. ಆದರೂ ಕಾನೂನು ಕಾನೂನೇ. ಧಾರ್ಮಿಕ ಸಭೆಗೆ ಅಡ್ಡಿಪಡಿಸಿದ್ದಕ್ಕೆ ಎಫ್‌ಐಆರ್ ದಾಖಲಾಯಿತು.

ಹನ್ನೊಂದಕ್ಕೆ ಕಾನ್‌ಸ್ಟೆಬಲ್ ಯಶ್ಮಿತಾಳೊಂದಿಗೆ ಚರ್ಚಿನಲ್ಲಿ ಮಹಜರು. ಭಾನುವಾರ ಹಿಂದಿನ ಬೆಂಚುಗಳಲ್ಲಿ ಯಾರೂ ಕೂತಿರಲಿಲ್ಲ. ಅಲ್ಲಿನ ಪುಸ್ತಕಗಳನ್ನು ಯಾರೂ ಮುಟ್ಟಿರಲಿಲ್ಲ.

"ಸಾರ್, ಎಲ್ಲದರಲ್ಲೂ ಕರಪತ್ರ ಒಂದೇ ಹಾಡಿನ ಪುಟದಲ್ಲಿ ಉಂಟು," ಎಂದಳು ಯಶ್ಮಿತಾ.

"ನಿನ್ನೆ ಈ ಹಾಡು ಹಾಡಿದಿರಾ?" ಈಶ್ವರಪ್ರಸಾದ ಜೊತೆಗೆ ಬಂದಿದ್ದ ಜಯಪಾಲರನ್ನು ಕೇಳಿದ.

"ಇಲ್ಲ. ಮೊದಲು ಇದೇ ಇದ್ದದ್ದು. ನಿನ್ನೆ ಬೆಳಿಗ್ಗೆ ನಾನು ಬದಲಿಸಿದೆ," ಎಂದರು ಜಯಪಾಲರು.

"ಮೊದಲಿನದ್ದು ಯಾರಿಗೆ ಗೊತ್ತಿತ್ತು?"

"ನನಗೆ. ಮತ್ತೆ ಮನೋರಮಕ್ಕನಿಗೆ. ಆರ್ಗನ್ ನುಡಿಸುವವರಲ್ಲವಾ, ಅಭ್ಯಾಸಕ್ಕೆ ಶನಿವಾರವೇ ಹೇಳಬೇಕು." ಹೇಳಿ ಮುಗಿಸುವಷ್ಟರಲ್ಲಿ ಅವರ ಮುಖ ಬಿಳಿಚಿಕೊಂಡಿತು.

ಎಪ್ಪತ್ತು ದಾಟಿದ ಮನೋರಮಾ ಮನೆ ಬಾಗಿಲಲ್ಲಿ ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ.

"ಬರೆದದ್ದು ನೀವಾ ಅಮ್ಮ?"

"ಮತ್ತೆ ಯಾರು? ಪುಸ್ತಕ ಬಿಡಿಸಿದ ಕೂಡಲೇ ಸಿಗಲಿ ಅಂತ ಇಟ್ಟದ್ದು. ಈ ಮಾರಾಯ ಹಾಡನ್ನೇ ಬದಲಿಸಿದ!"

ಮಧ್ಯಾಹ್ನ ಠಾಣೆಯಲ್ಲಿ ಬಂಧನ ದಾಖಲಾಯಿತು. ಜಾಮೀನು ಸಿಗುವ ಕಲಂ. ಜಾಮೀನಿನ ಕಾಗದ ಸಿದ್ಧವಾಗುತ್ತಿದ್ದಾಗ ಜಯಪಾಲರು ಬಂದರು. "ಅಕ್ಕ, ಒಂದು ಕ್ಷಮಾಪಣೆ ಬರೆದುಕೊಡಿ. ಇಲ್ಲದಿದ್ದರೆ ಇನ್ನು ಆರ್ಗನ್ ಮುಟ್ಟುವ ಹಾಗಿಲ್ಲ."

ನಲವತ್ತು ವರ್ಷ ಕೂತ ಜಾಗ ಅದು. ಮನೋರಮಾ ತಮ್ಮ ಬೆರಳುಗಳನ್ನೊಮ್ಮೆ ನೋಡಿಕೊಂಡರು.

"ಬರೆಯುವುದು ಎಂತಕ್ಕೆ? ಬಾಯಲ್ಲೇ ಕೇಳ್ತೇನೆ. ಭಾನುವಾರ, ಪೀಠದಲ್ಲಿ ನಿಂತು, ಸಭೆಯ ಎದುರು," ಎಂದರು ಮನೋರಮಾ. "ತುಳುವಿನಲ್ಲಿ. ಆಗಬಹುದಾ?"

ಜಯಪಾಲರು ಎದ್ದು ಹೊರಗೆ ನಡೆದರು.

"ಇಷ್ಟು ಹಟ ಯಾಕಮ್ಮ?" ಈಶ್ವರಪ್ರಸಾದ ತುಳುವಿನಲ್ಲೇ ಕೇಳಿದ.

ಮನೋರಮಾ ಹೇಳತೊಡಗಿದರು. ತೀರಿಹೋದ ಗೆಳತಿ ಸುಂದರಿಗೆ ತುಳು ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ತನ್ನನ್ನು ಮಣ್ಣು ಮಾಡುವಾಗ ಒಂದು ತುಳು ಹಾಡು ಹಾಡಬೇಕೆಂದು ಕೇಳಿಕೊಂಡಿದ್ದಳು. ಅಂದು ಮನೋರಮಾ ಎರಡು ಸಾಲು ಹಾಡಿದ್ದರು. ಜಯಪಾಲರು ಕೈ ಎತ್ತಿ ನಿಲ್ಲಿಸಿದ್ದರು. ಉಳಿದ ಸಾಲುಗಳು ಇನ್ನೂ ಮನೋರಮಾ ಅವರ ಗಂಟಲಲ್ಲೇ ಇದ್ದವು.