ಐದು ಸಲ ತೆರೆದ ಫ್ರೀಜರ್

ಸೊಲ್ಲಾಪುರ ಗಿರಣಿಗಳ ಏಳುಬೀಳು ಕಂಡ ಊರು. ಆದರೂ ಆ ಶುಕ್ರವಾರ ಬೆಳಿಗ್ಗೆ ಹತ್ತೂಕಾಲಿಗೆ ಅಲ್ಲಿನ ಒಂದು ಪ್ರಯೋಗಾಲಯದಲ್ಲಿ ನಡೆದದ್ದನ್ನು ಇತಿಹಾಸ ಬರೆಯುವವರು ಕಡೆಗಣಿಸಬಾರದು. ಫ್ರೀಜರಿನ ಎರಡನೆಯ ಖಾನೆಯಲ್ಲಿದ್ದ, ಕಿರುಬೆರಳಷ್ಟೂ ಎತ್ತರವಿಲ್ಲದ ಒಂದು ಶೀಶಿ ಇದ್ದಲ್ಲಿ ಇರಲಿಲ್ಲ.

ಶೀಶಿ ಶ್ರೀಲೇಖಾಳದು. ಅದರಲ್ಲಿದ್ದದ್ದು ಎರಡು ಹನಿ ಆಂಟಿಬಾಡಿ, ಅವಳ ಪಿಎಚ್.ಡಿ.ಯ ಅರ್ಧ ಭವಿಷ್ಯ. ಹಿಂದಿನ ದಿನ ಐದು ತಾಸು ಕರೆಂಟು ಹೋಗಿತ್ತು. ಫ್ರೀಜರು ಇನ್ನೂ ಎರಡು ಸೊಲ್ಲಾಪುರಿ ಚಾದರ ಹೊದ್ದು ಜ್ವರ ಬಂದವರಂತೆ ನಿಂತಿತ್ತು.

"ಯಾರು ಮುಟ್ಟ್ಯಾರ ನನ್ನ ಶೀಶಿ?"

"ನಾನಽರಿ ಮ್ಯಾಡಮ್," ಎಂದ ಅಮೋಲ. ವಳಸಂಗದಿಂದ ದಿನಾ ಬಸ್ಸಿನಲ್ಲಿ ಬರುವ, ಫ್ರೀಜರಿನ ಹೊಣೆ ಹೊತ್ತ ಟೆಕ್ನಿಷಿಯನ್. ಒಂದು ಡಬ್ಬಿ ಮುಂದಿಟ್ಟ. ಅದರಲ್ಲಿ ಇಪ್ಪತ್ತು ಪುಟ್ಟ ಟ್ಯೂಬುಗಳು, ಪ್ರತಿಯೊಂದರ ಮೇಲೂ ದುಂಡು ಅಕ್ಷರದಲ್ಲಿ ತಾರೀಖು. "ನೀವು ಪೂರಾ ಶೀಶಿ ತಗೀತೀರಿ, ಕರಗಸ್ತೀರಿ, ಮತ್ತ ಇಡ್ತೀರಿ. ಹಂಗ ಮಾಡಿದ್ರ ಅದು ಸಾಯ್ತದ. ಇನ್ನ ಮ್ಯಾಲ ಒಮ್ಮಿಗಿ ಒಂದಽ ತಗೋರಿ."

"ನನ್ನ ಕೇಳಬೇಕಿತ್ತು."

"ಕೇಳಿದ್ರ ಬ್ಯಾಡ ಅಂತಿದ್ರಿ."

ಅದು ನಿಜವೇ ಆಗಿದ್ದರಿಂದ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಅವನು ನಗಲಿಲ್ಲ, ಆದರೆ ನಗದಿರಲು ಪಡುತ್ತಿದ್ದ ಪ್ರಯತ್ನ ಕಣ್ಣಿನ ತುದಿಯಲ್ಲಿ ಕಾಣುತ್ತಿತ್ತು.

ಆಮೇಲಿನ ಮೂರು ವಾರ ಅವಳ ಫಿಲ್ಮಿನ ಮೇಲೆ ಒಂದು ಗೆರೆಯೂ ಮೂಡಲಿಲ್ಲ. ಆಂಟಿಬಾಡಿ ಹೋಗಿ ತನ್ನ ಪ್ರೋಟೀನನ್ನು ಹಿಡಿಯಬೇಕು. ಎರಡನೆಯ ಆಂಟಿಬಾಡಿ ಬಂದು ಮೊದಲನೆಯದನ್ನು ಹಿಡಿದು ಬೆಳಕು ತೋರಿಸಬೇಕು. ಆಗ ಕಪ್ಪು ಗೆರೆ. ಇಲ್ಲಿ ಎಲ್ಲವೂ ಖಾಲಿ.

ಶ್ರೀಲೇಖಾ ಗೈಡ್ ಚನ್ನವೀರಪ್ಪ ಸರ್‌ಗೆ ತಕ್ರಾರು ಬರೆದುಕೊಟ್ಟಳು: ಫ್ರೀಜರಿನಲ್ಲಿ ಆಂಟಿಬಾಡಿ ಕೆಟ್ಟಿದೆ. ಅಮೋಲ ಅದರ ಕೆಳಗೆ 'ಚೂಕು ನನ್ನದು' ಎಂದು ತಪ್ಪೊಪ್ಪಿ ಬರೆದು ಸಹಿ ಹಾಕಿ, ರಜೆ ಹಾಕಿ ಊರಿಗೆ ಹೋದ. ಅವನ ಕೆಲಸದ ಕರಾರು ಮುಂದುವರಿಸುವುದೋ ಬಿಡುವುದೋ ಸೋಮವಾರ ತೀರ್ಮಾನ.

ಜಗಳವಾಡುತ್ತಾನೆಂದು ಅವಳು ನಾಲ್ಕು ಉತ್ತರ ತಯಾರಿಟ್ಟುಕೊಂಡಿದ್ದಳು. ನಾಲ್ಕೂ ಉಳಿದವು. ಕೆಡಿಸುವವನು ಇಪ್ಪತ್ತು ಟ್ಯೂಬಿನ ಮೇಲೆ ಅಷ್ಟು ಚಂದ ಬರೆಯುತ್ತಾನೆಯೇ? ಕೆಡಿಸದವನು ಸಹಿ ಹಾಕುತ್ತಾನೆಯೇ? ದಿನಾ ಶೇಂಗಾ ಚಟ್ನಿ ತಂದುಕೊಡುತ್ತಿದ್ದ, ಸರಿ; ಆದರೆ ಅದನ್ನು ಎಲ್ಲರಿಗೂ ಕೊಡುತ್ತಿದ್ದ, ಚಟ್ನಿ ಮುಟ್ಟದ ಸರ್‌ಗೂ. ಅದರಿಂದ ಏನು ತಿಳಿಯಬೇಕು? ತಾನೇಕೆ ಅದನ್ನು ಯೋಚಿಸುತ್ತಿದ್ದೇನೆ ಎಂಬುದೂ ತಿಳಿಯಲಿಲ್ಲ.

ಶನಿವಾರ ಪಕ್ಕದ ಮೇಜಿನ ಪೂನಮ ಒಂದು ಬಾಟಲಿ ಅಲ್ಲಾಡಿಸುತ್ತ ಬಂದಳು. "ಅಕ್ಕಾ, ನಂದು ಎರಡನೇ ಆಂಟಿಬಾಡಿ ತಳಾ ಕಂಡದ. ಯಾರು ಖಾಲಿ ಮಾಡ್ಯಾರ?"

"ನನಗೇನ ಗೊತ್ತು?"

"ನೀ ದಿನಾ ಇದರಾಗಿಂದಽ ತಗೋಳೂದ ನೋಡೀನಿ. ಇದು ಇಲಿಯಾಗ ಮಾಡಿದ ಆಂಟಿಬಾಡಿ ಅಷ್ಟಽ ಹಿಡ್ಯೂದು. ನಿಂದು ಮೊಲದಾಗ ಮಾಡಿದ್ದಲ್ಲೇನ? ಮೊಲದ ಬಾಟ್ಲಿ ಆ ಕಡಿ ಅದ ನೋಡು, ಸೀಲ್ ಸುದ್ದಾ ಒಡದಿಲ್ಲ."

ಒಂದೇ ಕಂಪನಿ, ಒಂದೇ ಮುಚ್ಚಳ. ಮೂರು ವಾರ ಶ್ರೀಲೇಖಾ ಮೊಲದ ಬೆನ್ನಿಗೆ ಇಲಿ ಹಿಡಿಯುವವನನ್ನು ಕಳಿಸಿದ್ದಳು.

ಸರಿಯಾದ ಬಾಟಲಿಯಿಂದ ಮತ್ತೆ ಮಾಡಿದಳು. ಸಂಜೆ ಐದಕ್ಕೆ ಗೆರೆ ಬಂತು, ಕಾಡಿಗೆ ತೀಡಿದ ಹಾಗೆ.

ಭಾನುವಾರ ಆ ಫಿಲ್ಮಿಟ್ಟ ಫೈಲು ಹಿಡಿದು ಅಕ್ಕಲಕೋಟೆ ಬಸ್ಸು ಹತ್ತಿ ವಳಸಂಗದಲ್ಲಿ ಇಳಿದಳು. ಅಂಗಳದಲ್ಲಿ ಅಮೋಲನ ತಾಯಿ ಶಾರದಾಬಾಯಿ ಜೋಳ ಹಸನು ಮಾಡುತ್ತಿದ್ದರು.

"ಸರ್ವೇದಾವ್ರೇನವ್ವಾ? ಮನ್ಯಾಗ ಮೂರು ಮಂದಿ, ಎರಡು ಎಮ್ಮಿ, ಬರಕೋ."

"ಅಲ್ರಿ. ಲ್ಯಾಬಿಂದ ಬಂದೀನಿ. ಅಮೋಲರು..."

"ಓಹೋ, ಶೀಶಿ ಮ್ಯಾಡಮ್ಮು," ಎಂದು ಶಾರದಾಬಾಯಿ ಮೊರ ಕೆಳಗಿಟ್ಟರು. ಒಳಗೆ ಹೋಗಿ ಮಗನನ್ನು ಹೊರಗೆ ಕಳಿಸಿದರು.

ಅವನು ಫಿಲ್ಮನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ. ಅವಳು ಅವನ ಬೆರಳು ನೋಡಿದಳು, ಗೆರೆಯನ್ನು ಮುಟ್ಟದೆ ಅಂಚನ್ನಷ್ಟೇ ಹಿಡಿದ ಬೆರಳು.

"ಬರೋಬರ ಜಾಗಾದಾಗ ಬಂದದ."

"ಚೂಕು ನಂದು. ಬಾಟ್ಲಿ ಅದಲಿ ಬದಲಿ ಆಗಿತ್ತು. ನೀವ್ಯಾಕ ಸಹಿ ಹಾಕಿದ್ರಿ?"

"ನಾನಽ ಕೆಡಿಸೀನಿ ಅಂತ ತಿಳಿದಿದ್ದೆ. ಕರೆಂಟ್ ಹೋದ ದಿನ ಚಾದರ ಹೊಚ್ಚಿದೆ. 'ಬಾಗಿಲ ತಗೀಬ್ಯಾಡ್ರಿ' ಅಂತ ಚೀಟಿ ಹಚ್ಚಿದೆ. ಆಮ್ಯಾಲ ನಾನಽ ಐದು ಸಲ ತಗದೆ."

"ಯಾಕ?"

"ನಿಮ್ಮ ಶೀಶಿ ತಂಪ ಅದನೋ ಇಲ್ಲೋ ನೋಡಾಕ."

ಆ ಫ್ರೀಜರಿನಲ್ಲಿ ನಲವತ್ತು ಶೀಶಿಗಳಿದ್ದವು. ಒಂದು ಗೆರೆ ಬಂದರೆ ಸಾಲದು, ಬರಬಾರದ ಕಡೆ ಬಂದಿಲ್ಲವೆಂಬುದನ್ನೂ ನೋಡಿಕೊಳ್ಳಬೇಕು; ಶ್ರೀಲೇಖಾ ಕಲಿತ ವಿದ್ಯೆ ಅದು.

"ಪೂನಮಂದು ನೋಡಿದ್ರಿ?"

"ಇಲ್ರಿ."

"ಸರ್‌ದು?"

"ಸರ್‌ದು ಅದರಾಗ ಅದ ಅನ್ನೂದಽ ನೆನಪಿರಲಿಲ್ಲ."

"ಐದು ಸಲದಾಗ ಒಮ್ಮಿಯೂ?"

"ಒಮ್ಮಿಯೂ ಇಲ್ರಿ."

ಅವನ ಕಿವಿ ಕೆಂಪಾಗಿತ್ತು. ಅವಳದೂ ಆಗಿದ್ದಿರಬೇಕು, ಸೆರಗಿಲ್ಲದ ಚೂಡಿದಾರದಲ್ಲಿ ಸೆರಗು ಹುಡುಕಿದಳು.

"ಹಂಗಾರ ನಾನೇನ ತಿಳ್ಕೋಬೇಕು?"

"ನೀವು ರಿಸರ್ಚ್ ಮಾಡಾವ್ರು. ನೀವಽ ಹೇಳ್ರಿ."

"ತಿಳಿದದ. ನಿಮ್ಮ ಬಾಯಿಂದ ಕೇಳಬೇಕು."

ಅವನು ಫಿಲ್ಮನ್ನು ಫೈಲಿನೊಳಗೆ ಜೋಪಾನವಾಗಿ ಇಟ್ಟ. "ಅಷ್ಟ ಮಂದಿ ಶೀಶಿ ಅದಾವ್ರಿ ಅಲ್ಲಿ. ನನಗ ಒಂದಽ ಕಾಣ್ತದ. ಎರಡು ವರ್ಷಾತು."

"ಮೊದಲ ಮ್ಯಾಡಮ್ ಅನ್ನೂದು ಬಿಡ್ರಿ," ಎಂದಳು.

ಒಳಗಿಂದ ಶಾರದಾಬಾಯಿ ಕೇಳಿದರು: "ರೊಟ್ಟಿ ಎಷ್ಟು ಮಂದಿಗಿ?"

ಸೋಮವಾರ ತಕ್ರಾರು ವಾಪಸಾಯಿತು. ಕರಾರು ಹನ್ನೊಂದು ತಿಂಗಳಿಗೆ ಮುಂದುವರಿಯಿತು. ಪೂನಮಳಿಗೆ ಸರ್ ಹೊಸ ಬಾಟಲಿ ತರಿಸಿಕೊಟ್ಟರು. ಮಾಘದಲ್ಲಿ ಶ್ರೀಲೇಖಾ, ಅಮೋಲರ ಮದುವೆಯಾಯಿತು.