ಎಂಬಾ ತುಮಿರಾಳ ಮನೆ ನಡೆದು ಹೋದದ್ದು

2021ರ ಜೂನ್ 13, ಭಾನುವಾರ, ಮಧ್ಯಾಹ್ನ ಹನ್ನೆರಡೂವರೆ. ಮಲಯ ನಾಡಿನ ಸಬಾಕ್ ಬರ್ನಾಮ್ ಕಡೆಯ ಒಂದು ಸಣ್ಣ ಪೊಲೀಸ್ ಠಾಣೆಗೆ ಕಾರಿನಲ್ಲಿ ಬಂದಿಳಿದ ಯುವಕನೊಬ್ಬ, ಮನೆ ಕಳುವಾಗಿದೆ ಎಂದು ದೂರು ಕೊಟ್ಟ.

ಇನ್‌ಸ್ಪೆಕ್ಟರ್ ಸೂರ್ಯನಾರಾಯಣ ಆಗಷ್ಟೇ ಮಾಸ್ಕನ್ನು ಗದ್ದಕ್ಕಿಳಿಸಿ, ಬಾಳೆಲೆಯ ಪೊಟ್ಟಣ ಬಿಚ್ಚಿ, ನಾಸಿ ಅಂಬೆಂಗ್‌ನ ಮೊದಲ ತುತ್ತನ್ನು ಬಾಯಿಗಿಟ್ಟಿದ್ದ. ಅನ್ನ, ಕೋಳಿ, ತೆಂಪೆ ಎಂಬ ಕರಿದ ಸೋಯಾ ಬಿಲ್ಲೆ, ಮೇಲೆ ಹುರಿದ ಕಾಯಿತುರಿ: ಜಾವಾ ಮೂಲದವರ ಹಳ್ಳಿಗಳಲ್ಲಿ ಶುಭಕಾರ್ಯಕ್ಕೆ ಮಾಡುವ ಊಟ. ಚೆಕ್‌ಪೋಸ್ಟಿನ ಪೊಲೀಸರಿಗೆಂದು ಬೆಳಿಗ್ಗೆ ಯಾರೋ ಕೊಟ್ಟುಹೋಗಿದ್ದರು, ಅಲ್ಲಿಂದ ಅದು ಠಾಣೆಗೂ ಬಂದಿತ್ತು. ಲಾಕ್‌ಡೌನಿನಲ್ಲಿ ಪೊಲೀಸರಿಗೆ ಊಟ ಕಳಿಸುವ ಪುಣ್ಯಾತ್ಮರು ಹೆಚ್ಚಾಗಿದ್ದರು. ತನಿಖೆ ಮಾಡದೆ ತಿನ್ನುವುದು ಠಾಣೆಯ ರೂಢಿ.

"ಮನೇಲಿ ಏನೇನು ಹೋಗಿದೆ?" ಇನ್‌ಸ್ಪೆಕ್ಟರ್ ಮಲಯ ಭಾಷೆಯಲ್ಲಿ ಕೇಳಿದ.

"ಮನೇಲಿ ಅಲ್ಲ ಸರ್. ಮನೇನೇ."

ಇನ್‌ಸ್ಪೆಕ್ಟರ್ ಮಾಸ್ಕನ್ನು ಮೇಲಕ್ಕೆಳೆದುಕೊಂಡ. ಯುವಕ ಗೋಡೆಯ ಮೇಲಿನ ಹಲಗೆ ಓದಿದ: ಸೂರ್ಯನಾರಾಯಣ, ಬೋರಯ್ಯನ ಮಗ. ಅವನ ಕಣ್ಣರಳಿತು.

"ಸಾರ್, ನೀವು ಕನ್ನಡದೋರಾ? ಅಯ್ಯೋ, ದೇವ್ರು ಸಿಕ್ಕಂಗಾಯ್ತು! ನಾನು ಕಿರಣ, ಮೈಸೂರು. ರಾಜಧಾನೀಲಿ, ಮಾಂಟ್ ಕಿಯಾರಾದಲ್ಲಿರೋದು. ರೆಸಾರ್ಟ್ ಕಂಪನಿ ಪ್ರಾಜೆಕ್ಟ್ ಮ್ಯಾನೇಜರ್."

"ನಮ್ ತಾತ ಕೊಳ್ಳೇಗಾಲದೋರು. ರಬ್ಬರ್ ತೋಟಕ್ಕೆ ಬಂದ್ರು. ನಾ ಹುಟ್ಟಿದ್ದೇ ಇಲ್ಲಿ. ಕುಂತ್ಕಳಿ, ಒಂದ್ ಮೀಟರ್ ದೂರ."

ಕಿರಣ ಹೇಳಿದ್ದಿಷ್ಟು. ಕಂಪುಂಗ್ ಪಾರಿಟ್ ಸುಕಾರ್ಜೋ ಎಂಬ ಹಳ್ಳಿಯಲ್ಲಿ ಕಂಪನಿ ಒಂದು ಜಾಗ ಕೊಂಡಿದೆ. ಅಲ್ಲೊಂದು ಹಳೆಯ ಮರದ ಮನೆ, ಕಂಬಗಳ ಮೇಲೆ ನಿಂತದ್ದು. ಅದನ್ನೇ ತೋರಿಸಿ 'ಜಾವಾ ಪರಂಪರೆಯ ತಂಗುದಾಣ' ಎಂದು ಜಾಹೀರಾತು ಮಾಡಿದ್ದಾರೆ. ಮನೆಯಲ್ಲಿರುವ ಮುದುಕಿಗೆ ಖಾಲಿ ಮಾಡಲು ಕೊಟ್ಟ ಗಡುವು ನಾಳೆಗೆ ಮುಗಿಯುತ್ತದೆ. ಆಕೆ ಈಗ ಕೋವಿಡ್ ಆಗಿ ಕ್ವಾರಂಟೈನ್ ಕೇಂದ್ರದಲ್ಲಿದ್ದಾಳೆ. ಇವತ್ತು ನೋಡಿದರೆ ಜಾಗ ಇದೆ, ಮನೆ ಇಲ್ಲ.

"ನಾಳೆ ಡ್ರೋನ್ ಶೂಟ್ ಸಾರ್. ಬ್ರೋಷರ್ ಪ್ರಿಂಟ್ ಆಗಿದೆ. ನಾನು ಡ್ರೋನ್‌ನಲ್ಲಿ ಏನು ತೋರಿಸ್ಲಿ, ಬಯಲಾ?"

ಇನ್‌ಸ್ಪೆಕ್ಟರ್ ಮಲಯಕ್ಕೆ ತಿರುಗಿಸಿ ಹೇಳಿದಂತೆ ಕಾರ್ಪೊರಲ್ ಅನಿತಾ ರಿಪೋರ್ಟ್ ಟೈಪ್ ಮಾಡಿದಳು. ನಮ್ಮ ಕಡೆಯ ಎಫ್‌ಐಆರ್‌ಗೆ ಇಲ್ಲಿ ಆ ಹೆಸರು. ಕಳುವಾದ ವಸ್ತುವಿನ ವಿವರ: ಮನೆ, ಒಂದು. ಗುರುತು: ನೀಲಿ ಕಿಟಕಿ. ಆಕೆಗೆ ಯಾರ ದನಿಯನ್ನಾದರೂ ಎತ್ತಿ ಆಡುವ ಚಟ. ಕಿರಣ ಹೊರಹೋದದ್ದೇ ತಡ, ಕೈ ಮುಂದೆ ಚಾಚಿ, "ಏನು ತೋರಿಸ್ಲಿ ಸಾರ್, ಬಯಲಾ?" ಎಂದಳು. ಕನ್ನಡ ಬಾರದಿದ್ದರೂ ರಾಗ ತಪ್ಪಲಿಲ್ಲ.

ಎರಡು ಗಂಟೆಗೆ ಸ್ಥಳ ಮಹಜರು. ಜಾಗದಲ್ಲಿ ಕಂಬದಡಿಯ ಕಲ್ಲುಗಳು ಸಾಲಾಗಿ ಉಳಿದಿದ್ದವು. ಅವುಗಳ ಮುಂದೆ ಸಿಮೆಂಟಿನ ಮೆಟ್ಟಿಲು ಒಂಟಿಯಾಗಿ ನಿಂತು ಆಕಾಶಕ್ಕೆ ಹತ್ತುತ್ತಿತ್ತು. ಕೆಸರಿನಲ್ಲಿ ಹೆಜ್ಜೆಗುರುತು ಎಷ್ಟೆಂದರೆ, ಹೆಜ್ಜೆಗೂ ಹೆಜ್ಜೆಗೂ ನಡುವೆ ಕೆಸರು ಹುಡುಕಬೇಕು. ಬದುವಿನಲ್ಲಿ ಬಿದಿರಿನ ಉದ್ದುದ್ದ ಗಳಗಳು ಬಿದ್ದಿದ್ದವು. ಪ್ರತಿ ಗಳದ ಮೇಲೂ ಸುಣ್ಣದ ಗೆರೆಗಳು. ಅನಿತಾ ಟೇಪು ಹಿಡಿದಳು.

"ಸರ್, ಗೆರೆಯಿಂದ ಗೆರೆಗೆ ಸರಿಯಾಗಿ ಒಂದು ಮೀಟರ್."

ಸೂರ್ಯನಾರಾಯಣನಿಗೆ ನಗು ಬಂತು, ಮಾಸ್ಕು ಕಾಪಾಡಿತು. ಜನ ಸೇರಬಾರದೆಂಬ ಕಾನೂನನ್ನು ಮುರಿದು ಗಳಕ್ಕೆ ಹೆಗಲು ಕೊಟ್ಟು ಮನೆ ಹೊತ್ತವರು, ಅಂತರ ಕಾಯಬೇಕೆಂಬ ನಿಯಮವನ್ನು ಮಾತ್ರ ಸುಣ್ಣ ಬಳಿದು ಪಾಲಿಸಿದ್ದರು.

ಕಳುವಾದ ಮನೆಯನ್ನು ಹುಡುಕುವ ಕಷ್ಟವೇ ಬರಲಿಲ್ಲ. ಎರಡು ಗದ್ದೆಯಾಚೆ, ಸುರಾವ್ ಎಂದು ಕರೆಯುವ ಮುಸ್ಲಿಮರ ಪ್ರಾರ್ಥನಾ ಮಂದಿರದ ಹಿಂದೆ, ಅದಕ್ಕೆ ದಾನವಾಗಿ ಬಂದ ಜಾಗದಲ್ಲಿ ಅದು ನೀಲಿ ಕಿಟಕಿ ತೆರೆದುಕೊಂಡು ನಿಂತಿತ್ತು. ಪರದೆ ಗಾಳಿಗೆ ಹಾರುತ್ತಿತ್ತು. ಮೆಟ್ಟಿಲಿನ ಬದಲು ಒಂದು ಹಲಗೆ. ಹಲಗೆಯ ಮೇಲೆ ಬೆಕ್ಕು.

ಮೊದಲ ಸಾಕ್ಷಿ ಕಂಪನಿಯ ಕಾವಲುಗಾರ ಮುನಿಯಾಂಡಿ.

"ಬೆಳಿಗ್ಗೆ ಎಲ್ಲಿದ್ದೆ?"

"ಶೆಡ್ಡಲ್ಲೇ ಇದ್ದೆ ಅಯ್ಯಾ. ನಿನ್ನೆ ಲಸಿಕೆ ಹಾಕ್ಸ್ಕೊಂಡೆ. ಮೈಯೆಲ್ಲ ಬೆಂಕಿ."

"ಏನು ನೋಡಿದೆ?"

"ಹೇಳಿದ್ರೆ ನಗ್ತೀರಿ."

"ಹೇಳು."

"ಮನೆ ನಡ್ಕೊಂಡು ಹೋಯ್ತು ಅಯ್ಯಾ. ಅಡೀಲಿ ನೂರಾರು ಕಾಲು, ಜರಿಹುಳದ್ ತರ. ಜ್ವರ ತಲೆಗೇರಿದೆ ಅಂತ ಮಾತ್ರೆ ನುಂಗಿ ಮುಸುಕು ಹಾಕ್ಕೊಂಡೆ."

"ಏನಾದರೂ ಕೇಳಿಸ್ತಾ?"

"ಸುರಾವ್ ಮೈಕಲ್ಲಿ ಒಂದು ಮುದುಕಿ ದನಿ. ಜಾವಾ ಭಾಷೇಲಿ ಎಣಿಸ್ತಿತ್ತು. ಜಿ, ರೋ, ಲೂ... ಮಧ್ಯೆ ಮಧ್ಯೆ ಕೆಮ್ಮು. ಕೆಮ್ಮಿದಾಗೆಲ್ಲ ಮನೇನೂ ನಿಲ್ತಿತ್ತು. ಎದ್ದು ನೋಡಿದ್ರೆ ಬಾಗಿಲಲ್ಲಿ ಊಟದ ಪೊಟ್ಟಣ. ಜ್ವರದಲ್ಲಿ ಬಂದಿದ್ದು ಅಂದ್ಕೊಂಡೇ ತಿಂದೆ. ಚೆನ್ನಾಗಿತ್ತು."

ಸುರಾವ್ ನೋಡಿಕೊಳ್ಳುವ ಪಾಕ್ ಕಸ್ಮುರಿಯನ್ನು ಅಂಗಳದಲ್ಲೇ ವಿಚಾರಣೆಗೆ ಕೂರಿಸಿದರು. ಪಾಕ್ ಎಂದರೆ ಹಿರಿಯರನ್ನು ಗೌರವದಿಂದ ಕರೆಯುವ ರೀತಿ. ತಲೆಯ ಮೇಲೆ ಬಿಳಿ ಟೋಪಿ, ಮುಖದ ಮೇಲೆ ಹೂವಿನ ಮಾಸ್ಕು.

"ಈ ಮನೆ ಇಲ್ಲಿಗೆ ಯಾವಾಗ ಬಂತು?"

"ಮೊದಲಿಂದ ಇಲ್ಲೇ ಇತ್ತಲ್ಲ ತುವಾನ್."

"ಮೆಟ್ಟಿಲು ಅಲ್ಲಿ, ಮನೆ ಇಲ್ಲಿ?"

"ಹಳೇ ಕಾಲದೋರು ಅಲ್ವಾ. ಮನೆಗೆ ಬರೋಕೆ ಮುಂಚೆ ಸ್ವಲ್ಪ ನಡೀಲಿ ಅಂತ ಕಟ್ಟಿರಬೇಕು."

"ಮೈಕಲ್ಲಿ ಎಣಿಸಿದ್ದು ಯಾರು?"

"ನಾನೇ."

"ಹೆಂಗಸಿನ ದನಿ."

ಕಸ್ಮುರಿ ಗಂಟಲು ಸರಿಮಾಡಿಕೊಂಡು, ಬೆರಳಿಂದ ಮೂಗು ಒತ್ತಿ, "ಜಿ, ರೋ, ಲೂ" ಎಂದ. ಬೆಕ್ಕು ಹಲಗೆಯಿಂದ ಹಾರಿ ಓಡಿತು. ಬೇಲಿಯಾಚೆಯಿಂದ ಇನ್ನೊಬ್ಬ ಕೂಗಿದ: "ಅವನಲ್ಲ ತುವಾನ್, ನಾನು!" ಅವನೂ ಮುದುಕಿಯ ದನಿಯಲ್ಲಿ ಎಣಿಸಿದ. ಪಕ್ಕದ ಮನೆಯ ಕಿಟಕಿಯಿಂದ ಮೂರನೆಯದು, ಕಾಲುವೆಯ ಆಚೆಯಿಂದ ನಾಲ್ಕನೆಯದು. ಸ್ವಲ್ಪ ಹೊತ್ತಿನಲ್ಲಿ ಇಡೀ ಊರೇ ತಂತಮ್ಮ ಬೇಲಿಯೊಳಗೆ ನಿಂತು, ಅಂತರ ಕಾಪಾಡಿಕೊಂಡು, ಮುದುಕಿಯರ ದನಿಯಲ್ಲಿ ಎಣಿಸತೊಡಗಿತು. ಒಬ್ಬನನ್ನು ಹಿಡಿದರೆ ಎಲ್ಲರನ್ನೂ ಹಿಡಿಯಬೇಕು ಎಂಬ ಸವಾಲು ಅದರಲ್ಲಿತ್ತು. ಅನಿತಾಳ ತುಟಿ ಮಾಸ್ಕಿನೊಳಗೆ ಅಲುಗುತ್ತಿದ್ದುದನ್ನು ಇನ್‌ಸ್ಪೆಕ್ಟರ್ ಗಮನಿಸಿದ.

"ನೀನೂ ತಪ್ಪೊಪ್ಪಿಕೋಬೇಡ," ಎಂದ ಮೆಲ್ಲಗೆ. ಆಮೇಲೆ ಕಸ್ಮುರಿಯ ಕಡೆ ತಿರುಗಿ ದನಿ ಬಿಗಿ ಮಾಡಿದ. "ಪಾಕ್, ನಗೋದು ಸಾಕು. ಜನ ಸೇರಿಸಿದ್ದಕ್ಕೆ ದಂಡ. ಇದು ಅಷ್ಟೇ ಅಲ್ಲ. ದೂರು ಇರೋದು ಕಳ್ಳತನ ಅಂತ. ಬೇರೆಯವರ ಮನೆ ಹೊತ್ತಿದ್ದೀರಿ. ಊರಿಗೆ ಊರೇ ಜೈಲಿಗೆ ಹೋಗುತ್ತೆ."

ಮುದುಕನ ಬೆನ್ನು ನೆಟ್ಟಗಾಯಿತು. "ಕಳ್ಳರಾ? ನಾವಾ? ಈ ಊರಲ್ಲಿ ಮನೆ ಎತ್ತೋವಾಗ ಮೊದಲ ಎಣಿಕೆ ಮನೆ ಒಡೆಯರದ್ದು. ಒಡತಿ 'ಎತ್ತಿ' ಅನ್ನದೆ ಕಂಬಕ್ಕೆ ಕೈ ಹಚ್ಚಿದರೆ ಅಲ್ವಾ ಕಳ್ಳತನ? ಆಕೆ ಬಾಯಿಂದ ಕೇಳದೆ ನಾವು ಯಾರಾದರೂ..."

ಅಲ್ಲಿಗೆ ಬಾಯಿ ಮುಚ್ಚಿದ. ಹೊತ್ತು ಮೀರಿತ್ತು. ಬೇಲಿಯಾಚೆಯ ಎಣಿಕೆಗಳೂ ಒಂದೊಂದಾಗಿ ನಿಂತವು. ಕಳ್ಳರಲ್ಲ ಎನ್ನಿಸಿಕೊಳ್ಳಲು ಹೋಗಿ ಕಸ್ಮುರಿ ಒಡತಿಯನ್ನು ಕೈಗೆ ಕೊಟ್ಟಿದ್ದ.

ಸೂರ್ಯನಾರಾಯಣ ಚೆಕ್‌ಪೋಸ್ಟಿಗೆ ಫೋನ್ ಮಾಡಿದ. "ಬೆಳಿಗ್ಗೆ ಊಟ ಕೊಟ್ಟವರು ಏನಾದರೂ ಹೇಳಿದರಾ?"

"ಹೇಳಿದರು ಸರ್. 'ಎಂಬಾ ತುಮಿರಾಳ ಮನೆ ಊಟ, ಆಕೆಗೆ ಒಳ್ಳೇದಾಗಲಿ ಅಂತ ಬೇಡ್ಕೊಳ್ಳಿ' ಅಂದರು."

ಎಂಬಾ ಎಂದರೆ ಜಾವಾದವರ ಬಾಯಲ್ಲಿ ಅಜ್ಜಿ. ಕಾರ್ಯದ ಊಟ ಹಂಚುವಾಗ ಯಾರ ಹೆಸರಿನದೆಂದು ಹೇಳಿಯೇ ಹಂಚಬೇಕು, ಬಾರದವರ ಬಾಗಿಲಿಗೂ ಮುಟ್ಟಿಸಬೇಕು. ವೈರಿಯ ಕಾವಲುಗಾರನಾದರೂ ಸರಿ, ಪೊಲೀಸರಾದರೂ ಸರಿ. ಹೆಸರು ನುಂಗಿ ಊಟ ಬಡಿಸುವ ಕಳ್ಳತನ ಮಾತ್ರ ಈ ಊರಿಗೆ ಬರುತ್ತಿರಲಿಲ್ಲ. ತುಮಿರಾ ಎಂಬ ಎಂಬಾ ಎಲ್ಲಿದ್ದಾಳೆಂದು ಕಿರಣನೇ ದೂರಿನಲ್ಲಿ ಬರೆಸಿದ್ದ. ಮೈಕಿನಲ್ಲಿ ಬಂದ ಕೆಮ್ಮಿನ ವಿಳಾಸವೂ ಅದೇ.

ನಾಲ್ಕೂವರೆಗೆ ಕ್ವಾರಂಟೈನ್ ಕೇಂದ್ರ. ಮುಡಿಯಿಂದ ಅಡಿಯವರೆಗೆ ಬಿಳಿ ಪ್ಲಾಸ್ಟಿಕ್ ತೊಟ್ಟು, ಹಬೆ ಕಟ್ಟಿದ ಕನ್ನಡಕದೊಳಗಿಂದ ಇನ್‌ಸ್ಪೆಕ್ಟರ್ ಮಂಚಗಳ ಸಾಲು ನೋಡುತ್ತ ನಡೆದ. ಕಿಟಕಿ ಪಕ್ಕದ ಮಂಚದಲ್ಲಿ ಕಡ್ಡಿಯಂಥ ಮುದುಕಿಯೊಬ್ಬಳು ಫೋನನ್ನು ಚಾರ್ಜಿಗೆ ಹಾಕಿ ಕೂತಿದ್ದಳು.

"ಯಾರಪ್ಪ ನೀನು? ಡಾಕ್ಟರೋ, ಪೊಲೀಸೋ? ಈ ವೇಷದಲ್ಲಿ ಎಲ್ಲರೂ ಹೆಣ ತೊಳೆಯೋರ ತರ ಕಾಣ್ತೀರಿ."

"ಪೊಲೀಸ್, ಎಂಬಾ."

"ತಡ ಮಾಡಿದೆ. ಮಧ್ಯಾಹ್ನಕ್ಕೇ ಬರ್ತೀಯ ಅಂದ್ಕೊಂಡಿದ್ದೆ."

"ಬೆಳಿಗ್ಗೆ ಯಾರಿಗೆ ಫೋನ್ ಮಾಡಿದ್ರಿ?"

"ಕಸ್ಮುರಿಗೆ. ಫೋನ್ ಮೈಕಿಗೆ ಹಿಡಿ ಅಂದೆ. ಎಣಿಸಿದೆ. ಬರ್ಕೋ. ಜನರನ್ನ ಕರೆಸಿದ್ದು ನಾನು, ಎತ್ತಿಸಿದ್ದು ನಾನು, ಊಟ ಹಾಕಿಸಿದ್ದು ನಾನು. ಬೇರೆ ಯಾರ ಹೆಸರೂ ನಿನಗೆ ಸಿಗಲ್ಲ."

"ಊರೆಲ್ಲ ತಾವೇ ಮಾಡಿದ್ದು ಅಂತಿದ್ದಾರೆ."

"ಸುಳ್ಳು. ಅವರಿಗೆ ನೆಟ್ಟಗೆ ಎಣಿಸೋಕೂ ಬರಲ್ಲ."

"ಕಂಪನಿಯವರು ಮನೆ ತಮ್ಮದು ಅಂತಾರೆ."

"ಜಾಗ ನನ್ನ ಮೈದುನನ ಮಗನದ್ದು. ಮಾರಿದ, ಮಾರ್ಕೊಳ್ಳಲಿ. ಮನೆ ನಾನೂ ನನ್ನ ಗಂಡನೂ ಕಟ್ಟಿದ್ದು. ಅದನ್ನ ಮಾರೋಕೆ ಅವನ್ಯಾರು? ನಾನು ಮಂಚ ಹಿಡಿದಿರೋವಾಗ ಒಳಗೆ ಬಂದು ಕೂರೋಕೆ ಇವರ್ಯಾರು?" ಕೆಮ್ಮು ಬಂತು. ಅದು ಮುಗಿಯುವವರೆಗೆ ಇನ್‌ಸ್ಪೆಕ್ಟರನ ಮೇಲಿನ ಕಣ್ಣು ಕೀಳಲಿಲ್ಲ. "ಗದ್ದೇಲಿ ಬಸವನಹುಳ ಬೆನ್ನ ಮೇಲೆ ಮನೆ ಹೊತ್ಕೊಂಡು ಹೋಗುತ್ತೆ. ಅದರ ಮೇಲೆ ಯಾರಾದರೂ ರಿಪೋರ್ಟ್ ಕೊಟ್ಟಿದ್ದಾರಾ?"

ಇನ್‌ಸ್ಪೆಕ್ಟರ್ ಹೊರಬಂದು ಸರ್ಕಾರಿ ವಕೀಲರಿಗೆ ಫೋನ್ ಮಾಡಿದ, ಆಮೇಲೆ ಕಿರಣನಿಗೆ.

"ನೋಡಪ್ಪ, ಕಲ್ಲಿನ ಮೇಲೆ ಕೂತಿದ್ದ ಮರದ ಮನೆ, ನೆಲಕ್ಕೆ ಅಂಟಿರಲಿಲ್ಲ. ಕಟ್ಟಿದೋರದ್ದೇ ಸ್ವತ್ತು, ಎತ್ಕೊಂಡು ಹೋಗಬೋದು ಅಂತಾರೆ ವಕೀಲರು. ಕಳ್ಳತನದ ಕೇಸು ನಿಲ್ಲಕಿಲ್ಲ. ಬೇಕಾದ್ರೆ ಕೋರ್ಟಿಗೆ ಹೋಗು."

"ಸಾರ್, ನೀವು ನಮ್ಮೋರಾಗಿ ಹೀಗಂದ್ರೆ! ನಮಗೆ ಏನುಳೀತು?"

"ನೆಲಕ್ಕೆ ಅಂಟಿದ್ದೆಲ್ಲ ನಿಮ್ಮದೇ. ಮೆಟ್ಲು ಅದೆಯಲ್ಲ, ಮಡಿಕ್ಕೊಳ್ಳಿ."

ಒಳಗೆ ಬಂದು ಬಂಧನದ ಮಾತುಗಳನ್ನು ಓದಿದ. ಸೋಂಕು ತಡೆ ಕಾನೂನಿನಡಿ, ಅನುಮತಿಯಿಲ್ಲದೆ ಜನ ಸೇರಿಸಿದ ಆರೋಪ. ಆರೋಪಿ ಒಬ್ಬಳೇ. ಸಮಯ ಐದು ಹತ್ತು. ಗುಣವಾಗುವವರೆಗೆ ಇಲ್ಲೇ, ಆಮೇಲೆ ಠಾಣೆಗೆ ಬಂದು ಜಾಮೀನು.

"ಕೈಕೋಳ ಎಲ್ಲಿ?" ಮುದುಕಿ ಎರಡು ಕೈಗಳನ್ನೂ ಮುಂದೆ ನೀಡಿದಳು. "ಊರೋರು ನೋಡೋ ಹಂಗೆ ಒಂದು ಫೋಟೋ ತೆಗಿ."

"ಕೋಳ ಬೇಡ ಎಂಬಾ."

"ಹೆದರಿಕೆನಾ?" ನಕ್ಕಳು. ಆಮೇಲೆ, "ಊಟ ತಿಂದೆಯಾ?"

"ತಿಂದೆ. ಕಾಯಿತುರಿ ಸ್ವಲ್ಪ ಸೀದಿತ್ತು."

"ಸೀದಿರುತ್ತೆ. ಒಲೆ ಮುಂದೆ ನಾನಿರಲಿಲ್ವಲ್ಲ."

ಹೇಳಿಕೆಗೆ ಹೆಬ್ಬೆಟ್ಟು ಒತ್ತುವ ಮೊದಲು ಆತ ಕಡೆಯ ಪ್ರಶ್ನೆ ಕೇಳಿದ. ಕಾಗದಕ್ಕೆ ಅದು ಬೇಕಿರಲಿಲ್ಲ.

"ಕೋರ್ಟಿಗೆ ಹೋಗಬೋದಿತ್ತು. ತಡೆ ತರಬೋದಿತ್ತು. ಈ ಕಾಲದಲ್ಲಿ ಅಷ್ಟು ಜನರನ್ನ ಯಾಕೆ ಸೇರಿಸಿದ್ರಿ?"

ಮುದುಕಿ ಕಿಟಕಿಯಾಚೆ ನೋಡಿದಳು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ, ಒಂದು ಆಂಬುಲೆನ್ಸ್ ಅಷ್ಟೇ.

"ಹೋದ ವರ್ಷ ಮೊದಲ ಲಾಕ್‌ಡೌನಲ್ಲಿ ನನ್ನ ಗಂಡ ಸತ್ತ. ಈ ರೋಗದಿಂದಲ್ಲ, ಎದೆ ನಿಂತು. ಊರಲ್ಲಿ ಅವನು ಎಣಿಸದೆ ಎದ್ದ ಮನೆ ಒಂದಿಲ್ಲ. ಅವನ ಚಟ್ಟಕ್ಕೆ ಕಾನೂನು ನಾಲ್ಕೇ ಜನ ಬಿಡ್ತು. ಉಳಿದೋರು ಬೇಲಿ ಹಿಂದೆ ಕೈಕಟ್ಟಿ ನಿಂತಿದ್ರು. ಮನೇಲಿ ಊಟಾನೂ ಹಾಕೋಕಾಗಲಿಲ್ಲ." ಹೆಬ್ಬೆಟ್ಟನ್ನು ಮಸಿಗೆ ಅದ್ದಿ, ಕಾಗದದ ಮೇಲೆ ಬಲವಾಗಿ ಒತ್ತಿದಳು. "ಇವತ್ತು ಎಲ್ಲರೂ ಹೆಗಲು ಕೊಟ್ಟರು. ಊಟಾನೂ ಆಯ್ತು. ಈಗ ನಿನ್ನ ಕಾನೂನು ಏನು ಮಾಡ್ಕೊಳ್ಳುತ್ತೋ ಮಾಡ್ಕೊಳ್ಳಲಿ."

ಇನ್‌ಸ್ಪೆಕ್ಟರ್ ಕಾಗದ ಮಡಚಿ ಪ್ಲಾಸ್ಟಿಕ್ ಲಕೋಟೆಗೆ ಹಾಕಿದ. ವಶಪಡಿಸಿಕೊಂಡ ವಸ್ತುಗಳ ಪಟ್ಟಿ ತೆಗೆದ: ಬಿದಿರಿನ ಗಳ, ಸುಣ್ಣದ ಗುರುತು ಸಹಿತ. ಊಟದ ಪೊಟ್ಟಣದ ಮುಂದೆ ಅನಿತಾ ಖಾಲಿ ಬಿಟ್ಟಿದ್ದ ಜಾಗದಲ್ಲಿ ತಾನೇ ಬರೆದ: ತನಿಖಾಧಿಕಾರಿ ತಿಂದಿದ್ದಾರೆ.