ರನ್‌ವೇ ನಿಮ್ಮದೇ... ಮಾತಾಡಬೇಡಿ!

"ಥೂ! ಅಸಹ್ಯ!"

ವಿಮಾನ ನಿಲ್ದಾಣದ ಕಂಟ್ರೋಲ್ ಟವರ್‌ನ ಕಬ್ಬಿಣದ ಮೆಟ್ಟಿಲುಗಳನ್ನು ದಡದಡ ಹತ್ತಿ ಬಾಗಿಲು ತಳ್ಳಿದವಳ ಬಾಯಿಂದ ಮೊದಲು ಬಂದ ಮಾತು ಅದು. ಬೈಯಲೆಂದು ಕಟ್ಟಿಕೊಂಡು ಬಂದಿದ್ದ ಮಾತುಗಳೇ ಬೇರೆ. ಆದರೆ ಕಣ್ಣೆದುರು ಕಂಡದ್ದೇನು? ಮೈಕ್ ಮುಂದೆ ಕೂತಿದ್ದ ಕಂಟ್ರೋಲರ್ ಹೆಬ್ಬೆರಳಿನ ಉಗುರನ್ನು ಕಚ್ಚಿ ಕಚ್ಚಿ, ತುಣುಕನ್ನು ಕಸದ ಬುಟ್ಟಿಗೆ ಉಗಿಯುತ್ತಿದ್ದ!

ಎರಡು ತಿಂಗಳಿಂದ ಕಿವಿಯೊಳಗೆ ಕೂತು ಕಾಡುತ್ತಿದ್ದ ದನಿಗೆ ಮುಖ ಇದೇನಾ?

"ಯಾರು ಬೇಕಿತ್ತು?" ಅವನು ಗಡಬಡಿಸಿ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ನೀವೇ! ಈಗಷ್ಟೇ ಇಳೀತಲ್ಲ ಪುಟ್ಟ ವಿಮಾನ, ಅದರ ಪೈಲಟ್ ನಾನು. ರನ್‌ವೇ ಇನ್ನೇನು ಬಂತು ಅನ್ನೋವಾಗ್ಲೇ ನಿಮ್ಮ ಪ್ರಶ್ನೆ ಶುರು... ಎಷ್ಟು ಜನ ಇದ್ದೀರಿ, ಎಲ್ಲಿ ನಿಲ್ಲಿಸ್ತೀರಿ, ಇಂಧನ ಬೇಕಾ! ಇಳಿದ ಮೇಲೆ ಕೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಒಂದು ಮಾತು ಆಡೋಕೆ ಎಷ್ಟು ಹೊತ್ತು ಬೇಕು?"

"ಒಂದು ಕೈಯಲ್ಲಿ ವಿಮಾನ ಹಿಡ್ಕೊಂಡಿರ್ತೀನಿ, ಇನ್ನೊಂದು ಕೈಯಲ್ಲಿ ಎಂಜಿನ್ ವೇಗ. ಕಾಲೆರಡೂ ಪೆಡಲ್ ಮೇಲೆ. ಒಂದು ಕಣ್ಣು ರನ್‌ವೇ ಮೇಲೆ, ಇನ್ನೊಂದು ಮೀಟರಿನ ಮುಳ್ಳಿನ ಮೇಲೆ! ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಇಲ್ಲ ಸ್ವಾಮಿ, ಇರೋದು ಎರಡೇ ಕೈ. ಮೊದಲು ಹಾರಿಸು, ಆಮೇಲೆ ದಾರಿ ನೋಡು, ಮಾತು ಕೊನೇಗೆ... ಇದು ನಮ್ಮ ಮೊದಲನೇ ಪಾಠ!"

ಅವನು ಗಾಜಿನಾಚೆ ನೋಡಿದ. "ಆದ್ರೂ ನಾನು ಕೇಳ್ತೀನಿ," ಎಂದನಷ್ಟೆ. ಉಗುರು ಮತ್ತೆ ಬಾಯಿಗೆ ಹೋಯಿತು.

*ಛೀ! ಇವನಿಗೆ ಹೇಳೋದೂ ಒಂದೇ, ಗೋಡೆಗೆ ತಲೆ ಚಚ್ಕೊಳ್ಳೋದೂ ಒಂದೇ!*

ಅಂದಿನಿಂದ ಅವಳು ಅವನಿಗಿಟ್ಟ ಹೆಸರು 'ನೈಲ್ ಕಟರ್'. ಆದರೆ ಅವನು ರಜೆ ಹಾಕಿದ ಒಂದು ದಿನ, ಬೇರೆ ಯಾರದೋ ದನಿ ಕೇಳಿ ಇಳಿದಾಗ, ಅವಳಿಗೆ ಅದೇಕೋ ಇಳಿದಂತೆಯೇ ಅನ್ನಿಸಲಿಲ್ಲ. ಅದನ್ನು ಮಾತ್ರ ಅವಳು ಯಾರಿಗೂ ಹೇಳಲಿಲ್ಲ, ತನಗೆ ಕೂಡ.

ಅಷ್ಟರಲ್ಲಿ ಅವಳ ಚಿಕ್ಕಮ್ಮ ಮದುವೆಗೆ ಒಂದು ಗಂಡು ಹುಡುಕಿದರು. "ಅವನನ್ನ ವಿಮಾನದಲ್ಲಿ ಒಂದು ಸುತ್ತು ಹಾಕಿಸ್ಕೊಂಡು ಬಾರೇ. ಮಾತಾಡ್ಕೊಂಡ ಹಾಗೂ ಆಗುತ್ತೆ."

ಬಂದವನು ಮೈಮೇಲೆ ಇಡೀ ಸೆಂಟಿನ ಬಾಟಲಿಯನ್ನೇ ಸುರಿದುಕೊಂಡಿದ್ದ. ಮೊಣಕೈಗೆ ಮೊಣಕೈ ತಾಗುವ ಕ್ಯಾಬಿನ್, ಬಿಸಿಲು, ಕುಲುಕಾಟ, ಮೇಲೆ ಆ ಘಾಟು! ಅವಳು ಪಕ್ಕದ ಪುಟ್ಟ ಕಿಟಕಿ ತೆರೆದಳು.

"ಮದ್ವೆ ಆದ್ಮೇಲೆ ಇದೆಲ್ಲ ಬಿಟ್ಬಿಡ್ತೀರಿ ತಾನೆ?" ಅವನು ನಗುತ್ತ ಕೇಳಿದ.

ಅವಳು ವಿಮಾನವನ್ನು ರನ್‌ವೇ ಕಡೆ ತಿರುಗಿಸಿದಳು. ಅಡ್ಡಗಾಳಿ ಜೋರಾಗಿತ್ತು. ವಿಮಾನ ಒಮ್ಮೆ ಕುಸಿದು ಮೇಲೆದ್ದಿತು.

ಅಷ್ಟೇ! ಸೆಂಟು ಬಾಟ್ಲಿ 'ವ್ಯಾಕ್' ಎಂದು ಕಾರಿಕೊಂಡ... ಅವಳ ತೊಡೆಯ ಮೇಲೆ, ಎಂಜಿನ್ ವೇಗದ ಹಿಡಿಯ ಮೇಲೆ, ಕೊನೆಗೆ ಅವಳ ತುಟಿಯೆದುರಿನ ಮೈಕ್ ಮೇಲೂ! ಬೆಚ್ಚಗೆ, ಅಂಟಂಟಾಗಿ, ಹುಳಿ ನಾತ. ಅದರ ಜೊತೆಗೆ ಸೆಂಟು!

ಸರಿಯಾಗಿ ಅದೇ ಗಳಿಗೆಗೆ ಕಿವಿಯಲ್ಲಿ ಅದೇ ದನಿ. "ಎಷ್ಟು ಜನ ಇದ್ದೀರಿ?"

*ಅಯ್ಯೋ, ಈಗಲೇನಾ...!*

ಬಾಯಿ ತೆರೆದರೆ ತಾನೂ ಕಾರುವುದು ಖಂಡಿತ. ಒಮ್ಮೆ ಕಾರಿದರೆ ರನ್‌ವೇ ಮೇಲಿನ ಕಣ್ಣು ಸರಿಯುತ್ತದೆ, ಕೈ ತಪ್ಪುತ್ತದೆ. ಆದರೂ ಮೈಕಿನ ಬಟನ್ ಒತ್ತಿದಳು. ಹೊರಬಿದ್ದದ್ದು ಬರೀ ವಾಕರಿಕೆ.

ಆಮೇಲೆ ಆ ದನಿ ಮೆಲ್ಲಗೆ ಹೇಳಿತು, "ಮಾತಾಡಬೇಡಿ. ರನ್‌ವೇ ನಿಮ್ಮದೇ, ಖಾಲಿ ಇದೆ. ಕೇಳಿಸ್ತಿದ್ರೆ ಬಟನ್ ಎರಡು ಸಲ ಒತ್ತಿ, ಸಾಕು."

ಅವಳು ಒತ್ತಿದಳು. ಟಕ್... ಟಕ್.

"ಉಳಿದ ವಿಮಾನದವರು ಯಾರೂ ಉಸಿರೆತ್ತಬೇಡಿ. ಅವರು ಇಳಿಯೋವರೆಗೂ ನಾನೂ ಸುಮ್ನಿರ್ತೀನಿ."

ಮತ್ತೆ ಕಿವಿಯಲ್ಲಿ ಒಂದೂ ದನಿ ಇಲ್ಲ. ಗಾಳಿ, ಎಂಜಿನ್, ಅವಳ ಎರಡು ಕೈ. ಹೇಸಿಗೆಯಲ್ಲಿ ಜಾರುವ ಹಿಡಿಯನ್ನು ಗಟ್ಟಿಯಾಗಿ ಹಿಡಿದಳು. ಮೂಗನ್ನು ಮರೆತಳು. ಚಕ್ರಗಳು ನೆಲ ಮುಟ್ಟಿದವು.

ವಿಮಾನ ನಿಂತದ್ದೇ ತಡ, ಸೆಂಟು ಬಾಟ್ಲಿ ಕೆಳಗೆ ಹಾರಿ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡ.

"ಅಯ್ಯಯ್ಯೋ, ಹತ್ರ ಬರ್ಬೇಡಿ! ಏನು ನಾತ ನಿಮ್ಮದು!"

"ನಂದಾ...?!"

ಕಳ್ಳನೇ ಮನೆಯವರ ಮೇಲೆ ದೂರು ಕೊಟ್ಟ ಹಾಗಾಯಿತು! ಅವನು ತಿರುಗಿಯೂ ನೋಡದೆ ಕಾರು ಹತ್ತಿದ.

ಅವಳು ನೆಲದಲ್ಲಿ ಕುಸಿದು ಕೂತಳು. ಅಳು ಬಂತು. ಅಳುವುದಕ್ಕೆ ಮುಖ ಮುಚ್ಚಿಕೊಳ್ಳಲು ಕೂಡ ಕೈ ಶುಚಿಯಾಗಿರಲಿಲ್ಲ.

ಎದುರಿಗೆ ಒಂದು ಬಕೆಟ್ ನೀರು ಬಂದು ನಿಂತಿತು. ನೈಲ್ ಕಟರ್! ಜೊತೆಯವನನ್ನು ಟವರ್‌ನಲ್ಲಿ ಕೂರಿಸಿ ಓಡಿ ಬಂದಿದ್ದ. ಅವನು ಮೂಗು ಮುಚ್ಚಲಿಲ್ಲ. ಅವಳ ಕೈ ತೊಳೆದ, ಆಮೇಲೆ ವಿಮಾನದೊಳಗೆ ಬಗ್ಗಿ ಹಿಡಿ ಒರೆಸಿದ, ಮೈಕ್ ಒರೆಸಿದ.

ಆಗ ಅವಳು ಅವನ ಬೆರಳುಗಳನ್ನು ಕಂಡಳು. ಒಂದರಲ್ಲೂ ಉಗುರಿಲ್ಲ, ಅಂಚಿನಲ್ಲಿ ರಕ್ತ.

"ಏನಿದು?"

"ನೀವು ಇಳಿಯೋಷ್ಟರಲ್ಲಿ ಹತ್ತೂ ಮುಗೀತು." ಅವನು ಬಟ್ಟೆ ಹಿಂಡುತ್ತಲೇ ಹೇಳಿದ. "ಹೋದ ವರ್ಷ ಒಬ್ರು ಪೈಲಟ್ ಹೀಗೇ ಇಳಿಯೋ ಕೊನೇ ಗಳಿಗೇಲಿ ಸುಮ್ಮನಾದ್ರು. ಕೆಲಸದಲ್ಲಿದ್ದಾರೆ ಅಂತ ನಾನೂ ಸುಮ್ನಿದ್ದೆ. ವಿಮಾನ ರನ್‌ವೇ ಮುಟ್ಲೇ ಇಲ್ಲ. ಅವರು ಉಳಿದ್ರು, ಆದ್ರೆ ಮತ್ತೆ ಹಾರಲಿಲ್ಲ. ಅವತ್ತಿಂದ ಕೊನೇಲಿ ಒಂದು ದನಿ ಕೇಳದಿದ್ರೆ ನಂಗೆ ಕೈಕಾಲೇ ಆಡಲ್ಲ."

"ಅದಕ್ಕೇ ಎಲ್ಲರಿಗೂ ಮೂರು ಮೂರು ಪ್ರಶ್ನೆ?"

"ಎಲ್ಲರಿಗೂ ಒಂದೇ. ಮೂರು... ನಿಮಗೆ ಮಾತ್ರ."

ಅವಳ ಕೋಪ ಎಲ್ಲಿ ಹೋಯಿತೋ! "ಮತ್ತೆ ಇವತ್ತು ಹೇಗೆ ಸುಮ್ನಿದ್ರಿ?"

"ಇರೋದು ಎರಡೇ ಕೈ ಅಂದಿದ್ರಲ್ಲ." ಅವನು ತಡವರಿಸಿದ. "ನಿಮಗೆ ಗಂಡು ಹುಡುಕ್ತಿರೋ ಸುದ್ದಿ ಇಲ್ಲೆಲ್ಲ ಹಬ್ಬಿದೆ. ನಿಮ್ಮ ಚಿಕ್ಕಮ್ಮನ ಹತ್ರ... ನಾನು ಬಂದು ಮಾತಾಡ್ಲಾ? ಬಾಯ್ಬಿಟ್ಟು ಹೇಳೋದು ಬೇಡ. ಹೂಂ ಅಂತಾದ್ರೆ ಬಟನ್ ಎರಡು ಸಲ ಒತ್ತಿ, ಸಾಕು."

ಉತ್ತರಕ್ಕೆ ಕಾಯಲಾರದೆ, ವಾಂತಿ ಒರೆಸಿದ ಅದೇ ಬೆರಳು ಬಾಯಿಯತ್ತ ಹೊರಟಿತು.

"ಥೂ! ಅಸಹ್ಯ!" ಅವಳು ಥಟ್ಟನೆ ಆ ಕೈ ಹಿಡಿದಳು. ಹಿಡಿದ ಮೇಲೆ ಬಿಡಲಿಲ್ಲ.

"ಅಂದ್ರೆ... ಬೇಡ ಅಂತಾನಾ?"

"ವಿಮಾನ ನಿಂತಿದೆ, ಕೈ ಖಾಲಿ ಇದೆ. ಈಗ ಬಟನ್ ಯಾಕೆ? ಬಾಯ್ಬಿಟ್ಟೇ ಹೇಳ್ತೀನಿ. ಹೂಂ!"

ಅವನ ಕಣ್ಣು ತುಂಬಿತು. "ನಾಳೆ ಇಳಿಯೋವಾಗ... ಪ್ರಶ್ನೆ ಕೇಳ್ಲಾ?"

"ಮೂರೂ ಕೇಳಿ. ನಾನು ಇನ್ನೂ ದೂರದಲ್ಲಿರೋವಾಗ್ಲೇ ಕೇಳಿ... ಉತ್ತರ ಕೊಡ್ತೀನಿ."